ಲ್ಯಾಪ್‌ಟಾಪಿನ ನೆಪ

ಅಂಗಡಿಗೆ ಬಂದವರೆಲ್ಲ ಲ್ಯಾಪ್‌ಟಾಪನ್ನು ಕಣ್ಣಿನಿಂದ ನೋಡುತ್ತಾರೆ. ಅವಳು ಮಾತ್ರ ಬಂದವಳೇ ಬ್ಯಾಗನ್ನು ನೆಲಕ್ಕಿಟ್ಟು, ಕೂದಲನ್ನು ಒಂದು ಕಡೆಗೆ ಸರಿಸಿ, ಮೇಜಿನ ಮೇಲೆ ಸಾಲಾಗಿ ತೆರೆದಿಟ್ಟಿದ್ದವುಗಳಲ್ಲಿ ಮೊದಲನೆಯದಕ್ಕೆ ಕಿವಿ ಆನಿಸಿದಳು.

"ಅದು ಮಾತಾಡಲ್ಲ ಮೇಡಂ," ಎಂದಿತು ಹಿಂದಿನಿಂದ ಒಂದು ದನಿ.

"ಮಾತಾಡ್ಬಾರ್ದು ಅಂತಾನೇ ನೋಡ್ತಿದೀನಿ," ಎಂದಳು, ತಲೆ ಎತ್ತದೆ. "ಸ್ವಲ್ಪ ಸುಮ್ನಿರ್ತೀರಾ?"

ದನಿಯೇನೋ ಸುಮ್ಮನಾಯಿತು. ಆದರೆ ಅಂಗಡಿ ಸುಮ್ಮನಾಗಬೇಕಲ್ಲ! ಗೋಡೆಯ ಮೇಲಿನ ದೊಡ್ಡ ಟಿವಿಯಲ್ಲಿ ಜಾಹೀರಾತು ಕಿರುಚುತ್ತಿತ್ತು. ಎಸಿ ಗೊರಗೊರ ಎನ್ನುತ್ತಿತ್ತು. ಪ್ರಿಂಟರ್ ಕೊಳ್ಳಲು ಬಂದಿದ್ದ ಗಂಡ ಹೆಂಡತಿ, ಬಣ್ಣದ್ದೋ ಕಪ್ಪು ಬಿಳುಪಿನದೋ ಎಂಬ ಜಗಳವನ್ನು ಮನೆಯಲ್ಲೇ ಮುಗಿಸಿ ಬರುವುದು ಬಿಟ್ಟು ಇಲ್ಲಿಯವರೆಗೆ ಹೊತ್ತು ತಂದಿದ್ದರು. ಅವಳು ಎರಡನೆಯ ಲ್ಯಾಪ್‌ಟಾಪಿಗೆ ಕಿವಿಯಿಟ್ಟಳು, ಮೂರನೆಯದಕ್ಕಿಟ್ಟಳು. ಏನೂ ತಿಳಿಯದೆ ಕೈಚೆಲ್ಲಿ ತಲೆ ಎತ್ತಿದಳು.

ಎದುರಿಗೆ ಮೂವತ್ತೈದರ ಆಸುಪಾಸಿನ, ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ ಎತ್ತರದ ಮನುಷ್ಯ ನಿಂತಿದ್ದ. ಜೇಬಿನಲ್ಲಿ ಪೆನ್ನಿನ ಬದಲು ಪುಟ್ಟ ಸ್ಕ್ರೂಡ್ರೈವರ್. ಅವನು ನಗುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ನಗದೇ ಇರುವ ಗಂಡಸರನ್ನು ಅವಳು ಬಹಳ ಕಡಿಮೆ ನೋಡಿದ್ದಳು.

"ಯಾಕೆ ಅಂತ ಕೇಳ್ಬಹುದಾ?" ಎಂದ.

"ನಾನು ಪುಸ್ತಕ ಓದ್ತೀನಿ. ಅಂದ್ರೆ, ಜೋರಾಗಿ ಓದಿ ರೆಕಾರ್ಡ್ ಮಾಡಿ ಕಳಿಸ್ತೀನಿ, ಕೇಳೋರಿಗೋಸ್ಕರ. ಅದೇ ನನ್ನ ಕೆಲಸ. ನನ್ನ ಹಳೇ ಲ್ಯಾಪ್‌ಟಾಪು ನಾನು ಬಾಯಿ ತೆಗೆದ ತಕ್ಷಣ ತಾನೂ ಬಾಯಿ ತೆಗೆಯತ್ತೆ. ಫ್ಯಾನ್ ಸದ್ದು! ಹೋದ ತಿಂಗಳು ಒಂದಿಡೀ ಅಧ್ಯಾಯ ವಾಪಸ್ ಬಂತು. ಹಿಂದುಗಡೆ ಹಿಟ್ಟಿನ ಗಿರಣಿ ಓಡ್ತಿದೆಯಾ ಅಂತ ಕೇಳಿದ್ರು."

ಅವನು ತಲೆಯಾಡಿಸಿ ಹೊರಟುಹೋದ. ಹೋಗಿ ಟಿವಿ ಆರಿಸಿದ. ಎಸಿ ಆರಿಸಿದ. ರಸ್ತೆಯ ಕಡೆಯ ಕಿಟಕಿ ಮುಚ್ಚಿದ. ಪ್ರಿಂಟರಿನ ಗಂಡ ಹೆಂಡತಿಯ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಏನೋ ಹೇಳಿದ. ಅವರಿಬ್ಬರೂ ಗಪ್‌ಚಿಪ್ಪಾಗಿ, ಆಪರೇಷನ್ ಮಾಡಲು ನಿಂತ ಡಾಕ್ಟರನ್ನು ನೋಡುವ ಹಾಗೆ ಅವಳನ್ನು ನೋಡತೊಡಗಿದರು. ಎಲ್ಲ ಮುಗಿಸಿ ಅವನು ಮೊದಲು ನಿಂತಿದ್ದಲ್ಲಿಗೇ ಬಂದು ಕೈಕಟ್ಟಿ ನಿಂತ.

"ಈಗ ಕೇಳಿ," ಎಂದ.

ನಾಲ್ಕನೆಯದು ತೆಳ್ಳಗೆ, ಬೂದು ಬಣ್ಣದ್ದು. ಕಿವಿಯಿಟ್ಟಳು. ಸದ್ದೇ ಇಲ್ಲ. ಫ್ಯಾನೇ ಇಲ್ಲದ ಯಂತ್ರವದು. ಅಷ್ಟು ನಿಶ್ಶಬ್ದದಲ್ಲಿ ಅವಳಿಗೆ ಕೇಳಿಸಿದ್ದು ಎರಡು ಹೆಜ್ಜೆ ಆಚೆ ನಿಂತವನ ಉಸಿರು ಮಾತ್ರ. ಅದು ನಿಧಾನವಾಗಿತ್ತು, ಯಾವ ಅವಸರವೂ ಇರಲಿಲ್ಲ. ಕಿವಿಯನ್ನು ಎತ್ತಿದ್ದರೂ ನಡೆಯುತ್ತಿತ್ತು. ಅವಳು ಇನ್ನಷ್ಟು ಹೊತ್ತು ಎತ್ತಲಿಲ್ಲ.

ಇಲ್ಲಿ ಅವಳ ಬಗ್ಗೆ ಒಂದು ಮಾತು ಹೇಳಲೇಬೇಕು. ತೀರ್ಮಾನ ಮಾಡುವುದರಲ್ಲಿ ಅವಳು ಮನೆಮಂದಿಯಲ್ಲೆಲ್ಲ ಹೆಸರುವಾಸಿ. ಮನೆಯ ಐದು ಕಿಟಕಿಗೂ ಪರದೆ ಆರಿಸಲು ಅವಳಿಗೆ ಹಿಡಿದದ್ದು ನಾಲ್ಕು ನಿಮಿಷ. ಚಪ್ಪಲಿ ಕೊಂಡರೆ ಎಡಗಾಲಿಗೆ ಮಾತ್ರ ಹಾಕಿ ನೋಡಿ, ಬಲಗಾಲು ಹೇಗೂ ಒಪ್ಪಿಕೊಳ್ಳುತ್ತದೆಂದು ದುಡ್ಡು ಕೊಟ್ಟು ಬರುವವಳು. ಎರಡು ವರ್ಷ ಜೊತೆಗೆ ಓಡಾಡಿದ್ದ ಒಬ್ಬನಿಗೆ "ಇದು ಸರಿಹೋಗಲ್ಲ, ನೀನು ಒಳ್ಳೆಯವನು, ಆದ್ರೂ ಸರಿಹೋಗಲ್ಲ" ಎಂದು ಹೇಳಿ ಎದ್ದು ಬರಲು ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಸಾಕಾಗಿತ್ತು. ಹೀಗಿರುವವಳಿಗೆ ಆ ಒಂದು ನಿಮಿಷದಲ್ಲಿ ಆ ಬೂದು ಲ್ಯಾಪ್‌ಟಾಪು ತನ್ನದೆಂದು ಗೊತ್ತಾಯಿತು. ಅದನ್ನು ಕೇಳಿಸುವುದಕ್ಕಾಗಿ ಇಡೀ ಅಂಗಡಿಯ ಬಾಯಿ ಮುಚ್ಚಿಸಿದ ಮನುಷ್ಯ ತನಗೆ ಬಹಳ ಇಷ್ಟವಾದನೆಂದೂ ಗೊತ್ತಾಯಿತು.

ಪರ್ಸಿಗೆ ಕೈ ಹಾಕಿದಳು.

"ಇದು ಮ್ಯಾಕ್," ಎಂದ ಅವನು. "ನೀವು ಇಷ್ಟು ದಿನ ಬಳಸಿದ್ದು ಯಾವ ಆಪರೇಟಿಂಗ್ ಸಿಸ್ಟಮ್ಮು?"

"ವಿಂಡೋಸ್."

"ಹಾಗಾದ್ರೆ ಇವತ್ತು ಕೊಡಲ್ಲ."

"ಏನಂದ್ರಿ?"

ಅವನು ಮೂಲೆಯ ಗಾಜಿನ ಕ್ಯಾಬಿನ್ ಕಡೆ ಕೈ ತೋರಿಸಿದ. ಒಳಗೆ ಒಂದು ಮೇಜು, ಒಂದು ಕುರ್ಚಿ, ಗೋಡೆಯ ಮೇಲೆ ಬಿಳಿ ಬೋರ್ಡು. "ಬಟ್ಟೆ ಅಂಗಡೀಲಿ ಟ್ರಯಲ್ ರೂಮ್ ಇರತ್ತಲ್ಲ, ಹಾಗೆ. ನಿಮ್ಮ ಕೆಲಸ ತಂದು ಇಲ್ಲಿ ಅರ್ಧ ಗಂಟೆ ಕೂತು ಮಾಡಿ. ಕೈಗೆ ಹೊಂದಿದ್ರೆ ತಗೊಳ್ಳಿ. ಬಣ್ಣ ನೋಡಿ ತಗೊಂಡು ಹೋಗಿ, ಆಮೇಲೆ ಬಟನ್ ಹುಡುಕ್ತಾ ಅಳೋರನ್ನ ತುಂಬಾ ನೋಡಿದೀನಿ."

ಬೇರೆ ಯಾರಾದರೂ ಹೀಗೆ ಅಂದಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದಳು. ಈಗ ಪರ್ಸನ್ನು ಬ್ಯಾಗಿಗೆ ಹಾಕಿದಳು.

"ಹೌದು," ಎಂದಳು. "ನಂಗೂ ತುಂಬಾ ಗೊಂದಲ ಇದೆ."

ತನ್ನ ಬಗ್ಗೆ ಆ ಪದವನ್ನು ಅವಳು ಬಳಸಿದ್ದು ಮೂವತ್ತೆರಡು ವರ್ಷಗಳಲ್ಲಿ ಅದೇ ಮೊದಲು.

*

ಅವಳು ಇದ್ದದ್ದು ಅಕ್ಕ ಭಾವನ ಜೊತೆ, ಮೂರನೆಯ ಮಹಡಿಯ ಫ್ಲಾಟಿನಲ್ಲಿ. ಅವಳ ಕೋಣೆಯ ಉಡುಪಿನ ಕಪಾಟೇ ಅವಳ ಸ್ಟುಡಿಯೋ. ಎರಡೂ ಬಾಗಿಲು ತೆರೆದು, ನೇತುಹಾಕಿದ ಸ್ವೆಟರು, ಶಾಲು, ಉಣ್ಣೆ ಕೋಟುಗಳ ನಡುವೆ ಒಂದು ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದಳು. ಮೈಕು ಹ್ಯಾಂಗರಿನಿಂದ ಇಳಿಬೀಳುತ್ತಿತ್ತು. ಉಣ್ಣೆ ಇದ್ದಲ್ಲಿ ದನಿ ಪ್ರತಿಧ್ವನಿಸುವುದಿಲ್ಲ. ಬೇಸಿಗೆಯಲ್ಲಿ ಬೆವರು ಕಿತ್ತು ಬರುತ್ತಿತ್ತು, ಆದರೆ ಕೇಳುವವರಿಗೆ ಬೆವರು ಕಾಣುವುದಿಲ್ಲವಲ್ಲ.

ಅಕ್ಕ ಹಲ್ಲಿನ ಡಾಕ್ಟರು. ದಿನವಿಡೀ ಜನ ಬಾಯಿ ಅಗಲಿಸಿಕೊಂಡೇ ಸುಳ್ಳು ಹೇಳುವುದನ್ನು ನೋಡಿ ಪಳಗಿದವಳು. ಭಾವ ಬಸ್ ಡಿಪೋದಲ್ಲಿ ಟೈಮ್‌ಟೇಬಲ್ ಹಾಕುವವರು. ಮಾತು ಬಸ್ಸಿನದಾಗಲಿ ಲ್ಯಾಪ್‌ಟಾಪಿನದಾಗಲಿ, ಅವರ ಹತ್ತಿರ ಅಭಿಪ್ರಾಯ ಸಿದ್ಧವಾಗಿ ಇರುತ್ತಿತ್ತು.

"ವಿಂಡೋಸ್ ತಗೋ, ಕಣ್ಮುಚ್ಚಿ," ಎಂದರು ಭಾವ. "ಇಡೀ ಆಫೀಸಲ್ಲಿ ಅದೇ ಇರೋದು. ಏನಾದ್ರೂ ಆದ್ರೆ ಪಕ್ಕದ ಮೇಜಿನೋರನ್ನ ಕೇಳ್ಬಹುದು. ಮ್ಯಾಕ್ ತಗೊಂಡ್ರೆ ಯಾರನ್ನ ಕೇಳ್ತೀಯಾ?"

"ಕೇಳೋಕೆ ಒಬ್ಬರು ಇದಾರೆ ಭಾವ," ಎಂದಳು.

ಅಕ್ಕನ ಕಿವಿ ನಿಮಿರಿತು.

*

ಮೊದಲ ಟ್ರಯಲ್ ವಿಂಡೋಸಿನದು. ಮಂಗಳವಾರ ಅವಳು ಮೈಕು, ಹೆಡ್‌ಫೋನು, ಓದಬೇಕಿದ್ದ ಪುಸ್ತಕ ಎಲ್ಲವನ್ನೂ ಹೊತ್ತು ಹೋದಾಗ ಗಾಜಿನ ಕ್ಯಾಬಿನ್ನಿನ ರೂಪವೇ ಬದಲಾಗಿತ್ತು. ಪೆಟ್ಟಿಗೆಗಳಲ್ಲಿ ತುಂಬಿ ಬರುವ ದಪ್ಪ ಸ್ಪಂಜಿನ ಹಾಳೆಗಳನ್ನು ಅವನು ನಾಲ್ಕೂ ಗೋಡೆಗೆ ಅಂಟಿಸಿದ್ದ.

"ಪ್ರತಿಧ್ವನಿ ಬರಬಾರದು ಅಂತ," ಎಂದ, ಯಾವುದೋ ತಪ್ಪು ಒಪ್ಪಿಕೊಳ್ಳುವವನ ಹಾಗೆ. "ನೀವು ಓದಿ. ನಾನು ಸದ್ದು ನೋಡ್ಕೋತೀನಿ." ಮತ್ತೊಂದು ಜೊತೆ ಹೆಡ್‌ಫೋನನ್ನು ಕಿವಿಗೇರಿಸಿಕೊಂಡು ಎದುರಿಗೆ ಕೂತ.

ಅವಳು ಆಗ ಓದುತ್ತಿದ್ದದ್ದು ಪ್ರೇಮ ಕಾದಂಬರಿಯೇನಲ್ಲ, ಜೇನು ಸಾಕುವವರಿಗಾಗಿ ಬರೆದ ಮುನ್ನೂರು ಪುಟದ ಕೈಪಿಡಿ. ಅವಳು ಹೊಗೆಡಬ್ಬಿಯ ಬಗ್ಗೆ ಓದಿದಳು, ಚೌಕಟ್ಟುಗಳ ಅಳತೆ ಓದಿದಳು. ಸಾವಿರಾರು ಕೇಳುಗರ ಕಿವಿಗೆ ಹೋಗುವ ದನಿ ಇವತ್ತು ಮೊದಲು ಹೋಗುತ್ತಿರುವುದು ಮೂರಡಿ ದೂರದಲ್ಲಿ ಕೂತ ಒಬ್ಬನ ಕಿವಿಗೆ ಎಂಬುದು ನೆನಪಾದಾಗೆಲ್ಲ ಅವಳ ಮಾತು ತಾನಾಗಿಯೇ ಮೆತ್ತಗಾಗುತ್ತಿತ್ತು. ಅವನು ಪರದೆಯ ಮೇಲೆ ಏರಿಳಿಯುವ ಹಸಿರು ಗೆರೆಯನ್ನು ಶ್ರದ್ಧೆಯಿಂದ ನೋಡುತ್ತಿದ್ದ. ಕತ್ತೆತ್ತಿ ಅವಳನ್ನು ಒಮ್ಮೆಯೂ ನೋಡಲಿಲ್ಲ. ನೋಡಬಾರದೆಂದು ಪಣತೊಟ್ಟವನ ಕತ್ತು ಅದು.

ಅರ್ಧ ಗಂಟೆ ಆಯಿತು. ಅವಳು ಪುಸ್ತಕ ಮುಚ್ಚಿದಳು.

"ಮತ್ತೆ ಆ ರಾಣಿ ನೊಣ?" ಎಂದ ಅವನು, ಹೆಡ್‌ಫೋನ್ ತೆಗೆಯದೆ.

"ಯಾವ ರಾಣಿ ನೊಣ?"

"ಹೊಸ ಪೆಟ್ಟಿಗೆಗೆ ಬಿಟ್ರಲ್ಲ. ಅದು ಅಲ್ಲೇ ಉಳ್ಕೊಳತ್ತಾ, ಹೊರಟೋಗತ್ತಾ?"

"ಅದು ಮುಂದಿನ ಅಧ್ಯಾಯದಲ್ಲಿದೆ," ಎಂದಳು ಅವಳು. ಬ್ಯಾಗಿನ ಜಿಪ್ ಎಳೆಯುತ್ತ, ಬಂದ ನಗುವನ್ನು ಜಿಪ್ಪಿನ ಜೊತೆಗೇ ಮುಚ್ಚಿಕೊಂಡಳು. "ಮ್ಯಾಕ್ ಟ್ರಯಲ್ ಯಾವತ್ತು?"

*

ಮ್ಯಾಕ್ ಟ್ರಯಲ್ ಗುರುವಾರ. ಅಲ್ಲಿ ಎಲ್ಲವೂ ತಿರುಗಾಮುರುಗಾ. ಮುಚ್ಚುವ ಗುಂಡಿ ಬಲಗಡೆ ಇರಬೇಕಾದದ್ದು ಎಡಗಡೆ. ಹೆಬ್ಬೆರಳು ಒಂದು ಕೀ ಹುಡುಕಿದರೆ ಅಲ್ಲಿ ಇನ್ನೊಂದು. ಅವಳು ಎರಡೇ ನಿಮಿಷದಲ್ಲಿ ಎಲ್ಲವನ್ನೂ ಕಲಿತಳು. ಕಲಿತ ಮೇಲೆ ಹದಿನೈದು ನಿಮಿಷ ಏನೂ ಬಾರದವಳ ಹಾಗೆ ಕೂತಿದ್ದಳು.

"ಎರಡು ಬೆರಳು," ಎಂದ ಅವನು. "ಎರಡು ಬೆರಳಲ್ಲಿ ಮೆಲ್ಲಗೆ ಮೇಲಕ್ಕೆ ತಳ್ಳಿ."

"ಹೀಗಾ?"

"ಅಷ್ಟು ಜೋರಾಗಲ್ಲ."

"ಹೀಗಾ?"

ಅವನು ತೋರಿಸಲು ಕೈ ಚಾಚಿದ. ಅವಳು ಕೈ ತೆಗೆಯಲಿಲ್ಲ. ಪುಟ್ಟ ಚೌಕದ ಮೇಲೆ ನಾಲ್ಕು ಬೆರಳು ಸೇರಿದವು, ಪಾಪ ಆ ಯಂತ್ರಕ್ಕೆ ಏನು ಅರ್ಥವಾಯಿತೋ, ಪರದೆಯ ಮೇಲಿದ್ದದ್ದೆಲ್ಲ ಚದುರಿ ಮೂಲೆಗೆ ಹೋಯಿತು. ಅವನು ಬಿಸಿ ತಗುಲಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ, ಕಿವಿಗಳು ಮಾತ್ರ ಕೆಂಪಾಗಿ ಅವನ ಗುಟ್ಟನ್ನೆಲ್ಲ ಹೊರಹಾಕಿದವು.

"ಇದು ಅಭ್ಯಾಸ ಆಗೋಕೆ ಎಷ್ಟು ದಿನ ಬೇಕು?" ಎಂದಳು.

"ಹದಿನೈದು ದಿನ ಅಂತಾರೆ ಮೇಡಂ."

"ನಂಗೆ ಒಂದು ತಿಂಗಳಾದ್ರೂ ಬೇಕಾಗ್ಬಹುದು. ನಾನು ಸ್ವಲ್ಪ ಮಂದ."

ಅವನು ಬೋರ್ಡಿನ ಮೇಲೆ ಮೂರು ಕಾಲಮ್ ಹಾಕಿದ. ವಿಂಡೋಸ್: ಎಲ್ಲ ಸಾಫ್ಟ್‌ವೇರೂ ಓಡುತ್ತದೆ, ಕೈಗೆ ಪರಿಚಯ, ಬೆಲೆಯಲ್ಲಿ ಆಯ್ಕೆ ಹೆಚ್ಚು. ಮ್ಯಾಕ್: ಸದ್ದಿಲ್ಲ, ಬ್ಯಾಟರಿ ದಿನಪೂರ್ತಿ, ಆದರೆ ಕೊಂಡ ಮೇಲೆ ಮೆಮೊರಿ ಹೆಚ್ಚಿಸಲಾಗದು, ಹಳೆಯ ಮೈಕಿನ ತಂತಿಗೆ ಬೇರೆ ಕನೆಕ್ಟರ್ ಬೇಕು. ಮೂರನೆಯ ಕಾಲಮ್ಮಿನ ಮೇಲೆ ಲಿನಕ್ಸ್ ಎಂದು ಬರೆದು ಸುಮ್ಮನೆ ನಿಂತ. ಅದನ್ನು ಬರೆಯುವಾಗ ಅವನ ಅಕ್ಷರ ದುಂಡಗಾದದ್ದನ್ನು ಅವಳು ಗಮನಿಸಿದಳು.

"ಇದು ನಿಮ್ಮ ಪಕ್ಷ," ಎಂದಳು.

"ಹಾಗೇನಿಲ್ಲ."

"ಇದೆ."

"ಸ್ವಲ್ಪ ಇದೆ," ಎಂದು ಒಪ್ಪಿಕೊಂಡ. "ಶನಿವಾರ ಇದನ್ನೂ ಒಂದ್ಸಲ ನೋಡ್ಬಿಡಿ. ತಗೊಳ್ಳಲೇಬೇಕು ಅಂತಲ್ಲ."

ಶನಿವಾರ ಲಿನಕ್ಸ್ ತೋರಿಸುವಾಗ ಅವನು ಬೇರೆಯೇ ಮನುಷ್ಯನಾಗಿದ್ದ. ಮಾತು ಒಂದಕ್ಕೆರಡಾಯಿತು. "ಇದಕ್ಕೆ ದುಡ್ಡು ಕೊಡ್ಬೇಕಾಗಿಲ್ಲ. ಪ್ರಪಂಚದ ಮೂಲೆ ಮೂಲೇಲಿ ಕೂತಿರೋರು ಸೇರ್ಕೊಂಡು ಮಾಡಿದ್ದು. ಹಳೇ ಯಂತ್ರಾನೂ ಎಬ್ಬಿಸಿ ಕೂರಿಸತ್ತೆ. ಒಂದೊಂದ್ಸಲ ತಕರಾರು ಮಾಡತ್ತೆ, ನಾವೇ ಕೈ ಹಾಕ್ಬೇಕಾಗತ್ತೆ. ಆದ್ರೆ ಕೈ ಹಾಕೋಕೆ ಬಿಡತ್ತೆ ಮೇಡಂ. ಏನನ್ನೂ ಮುಚ್ಚಿಡಲ್ಲ."

"ಒಳ್ಳೇ ಗುಣ," ಎಂದಳು ಅವಳು, ಅವನ ಮುಖವನ್ನೇ ನೋಡುತ್ತ. "ಎಲ್ಲರಲ್ಲೂ ಇರಲ್ಲ."

ಅವನು ಪೆನ್ನಿನ ಮುಚ್ಚಳ ಹಾಕಲು ಮೂರು ಸಲ ಪ್ರಯತ್ನಿಸಿದ.

*

ಮೂರೂ ನೋಡಿಯಾಯಿತು. ಇನ್ನು ನೋಡಲು ನಾಲ್ಕನೆಯದಿರಲಿಲ್ಲ. ಹಾಗಾಗಿ ಅವಳು ಸಂದೇಹಗಳನ್ನು ಹುಟ್ಟಿಸಲು ಶುರುಮಾಡಿದಳು. ಒಂದು ದಿನ ಕೀಬೋರ್ಡಿನ ಟಕಟಕ ಮೈಕಿನಲ್ಲಿ ಕೇಳಿಸುತ್ತದೆಯೇ ಎಂದಳು. ಇನ್ನೊಂದು ದಿನ ಹಳೆಯ ಕಡತಗಳು ಹೊಸದರಲ್ಲಿ ತೆರೆಯುತ್ತವೆಯೇ ಎಂದಳು. ಮತ್ತೊಂದು ದಿನ, ಎರಡು ಗಂಟೆ ಎಡೆಬಿಡದೆ ಓದಿದರೆ ಯಾವುದರ ಬ್ಯಾಟರಿ ಮೊದಲು ಕೈಕೊಡುತ್ತದೆ ಎಂದಳು. ಅವನು ಪ್ರತಿಯೊಂದಕ್ಕೂ ಬೋರ್ಡಿನಲ್ಲಿ ಹೊಸ ಸಾಲು ಎಳೆದ, ಉತ್ತರ ಹುಡುಕಿದ, ಉತ್ತರ ಹೇಳುವ ಮೊದಲು ಜೇನಿನ ಕಥೆ ಎಲ್ಲಿಗೆ ಬಂತೆಂದು ಕೇಳಿದ.

"ಹೊಸ ಪೆಟ್ಟಿಗೆಗೆ ಬಿಟ್ಟ ಮೊದಲ ವಾರ ಪದೇ ಪದೇ ಮುಚ್ಚಳ ತೆಗೆದು ನೋಡಬೇಡಿ ಅಂತ ಬರ್ದಿದಾರೆ," ಎಂದಳು ಅವಳು. "ನೋಡಿದ್ರೆ ಗಾಬರಿ ಬೀಳತ್ತಂತೆ."

"ನೋಡ್ದೇ ಇರೋದು ಕಷ್ಟ," ಎಂದ ಅವನು. ಅಂದವನು ತಟ್ಟನೆ ಬೋರ್ಡಿಗೆ ತಿರುಗಿ, ಬ್ಯಾಟರಿಯ ಸಾಲನ್ನು ಇನ್ನೊಮ್ಮೆ ಬರೆದ.

ಮೂರನೆಯ ವಾರ ಅಕ್ಕ ಹಿಡಿದು ಕೂರಿಸಿದಳು.

"ನೋಡು ಪುಟ್ಟಿ. ಐದು ಕಿಟಕಿಗೆ ನಾಲ್ಕು ನಿಮಿಷ ತಗೊಂಡೋಳು ಒಂದು ಲ್ಯಾಪ್‌ಟಾಪಿಗೆ ಮೂರು ವಾರ ತಗೋತಿದೀಯ. ಬಾಯಿ ತೆಗಿ ನೋಡೋಣ, ಒಳಗೇನಿದೆ."

"ಮೇಷ್ಟ್ರು ಇದಾರೆ," ಎಂದುಬಿಟ್ಟಳು. ಬೋರ್ಡಿನ ವಿಷಯ ಕೇಳಿದ ದಿನದಿಂದ ಅಕ್ಕನೇ ಅವನಿಗೆ ಇಟ್ಟಿದ್ದ ಹೆಸರದು.

"ಗೊತ್ತಿತ್ತು! ಅವನಿಗೆ ಹೇಳಿದೀಯಾ?"

"ಇಲ್ಲ."

"ಹೆದರಿಕೇನಾ?"

"ಹೆದರಿಕೆ ಯಾಕೆ? ಅವರಿಗೂ ನಾನು ಇಷ್ಟ. ಅವರು ಮೊದಲ ದಿನ ಅಂದ 'ಮೇಡಂ' ಬೇರೆ, ಈಗ ಅನ್ನೋ 'ಮೇಡಂ' ಬೇರೆ. ಹನ್ನೊಂದು ವರ್ಷದಿಂದ ದನಿ ಕೇಳೋದೇ ನನ್ನ ಕೆಲಸ ಅಕ್ಕ, ಅಷ್ಟೂ ಗೊತ್ತಾಗಲ್ವಾ?"

"ಮತ್ತೆ ಹೇಳೋಕೇನು ರೋಗ?"

"ಖುಷಿಯಾಗಿದೆ. ಇನ್ನೊಂದು ನಾಲ್ಕು ದಿನ ಹೀಗೇ ಇರ್ಲಿ ಅನ್ನಿಸತ್ತೆ."

"ನಿನ್ನ ನಾಲ್ಕು ದಿನದಲ್ಲಿ ಆ ಮನುಷ್ಯ ಬೋರ್ಡು ತುಂಬಿ ಗೋಡೆ ಮೇಲೆ ಬರೀತಾನೆ," ಎಂದಳು ಅಕ್ಕ.

*

ಕಡತಗಳನ್ನು ಹೊಸದಕ್ಕೆ ಹೇಗೆ ಸಾಗಿಸುವುದೆಂದು ನೋಡಲು ಅವನು ಅವಳ ಹಳೆಯ ಲ್ಯಾಪ್‌ಟಾಪನ್ನು ತರಲು ಹೇಳಿದ. ಬುಧವಾರ ಕೊಟ್ಟು ಬಂದಳು. ಶುಕ್ರವಾರ ಮಧ್ಯಾಹ್ನ ಫೋನ್ ಬಂತು.

ಅವನ ದನಿಯನ್ನು ಫೋನಿನಲ್ಲಿ ಅವಳು ಕೇಳಿದ್ದು ಅದೇ ಮೊದಲು. ಎದುರಿಗಿದ್ದಾಗ ಗೊತ್ತಾಗದ ಒಂದು ಒರಟು, ಒಂದು ಬೆಚ್ಚಗಿನ ತಳ ಅದರಲ್ಲಿತ್ತು. ಅವಳು ಕಪಾಟಿನೊಳಗೆ ಶಾಲುಗಳ ನಡುವೆ ಒರಗಿಕೊಂಡು ಕಣ್ಣು ಮುಚ್ಚಿದಳು. ಅವನು ಏನೇನೋ ಹೇಳುತ್ತಿದ್ದ, ಬಿಚ್ಚಿದೆ, ತೆಗೆದೆ, ಪ್ರತಿ ಇಟ್ಟುಕೊಂಡಿದ್ದೇನೆ, ಹಾಕಲೇ ಎಂದು. ದನಿ ಕೇಳುವುದರಲ್ಲಿ ಹನ್ನೊಂದು ವರ್ಷ ಪಳಗಿದ್ದ ಹೆಂಗಸು ದನಿಯನ್ನಷ್ಟೇ ಕೇಳಿದಳು, ಮಾತನ್ನು ಕೇಳಲಿಲ್ಲ.

"ಮೇಡಂ? ಹಾಕ್ಲಾ?"

"ಏನ್ ಬೇಕಾದ್ರೂ ಹಾಕಿ," ಎಂದಳು ಉದಾರವಾಗಿ.

ಶನಿವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೇ ಹೋದಳು. ಕೆಳಗಡೆ ಬಿಲ್ಲಿನ ಕೌಂಟರು, ಮೇಲಿನ ಮಹಡಿಯಲ್ಲಿ ಲ್ಯಾಪ್‌ಟಾಪುಗಳು. ಮೆಟ್ಟಿಲು ಹತ್ತಿ ಕ್ಯಾಬಿನ್ನಿಗೆ ಬಂದಾಗ ಮೇಜಿನ ಮೇಲೆ ಅವಳ ಹಳೆಯ ಲ್ಯಾಪ್‌ಟಾಪು ತೆರೆದು ಕೂತಿತ್ತು. ಪರದೆ ಬೆಳಗುತ್ತಿತ್ತು. ಸದ್ದು ಮಾಡುತ್ತಿರಲಿಲ್ಲ.

"ಕೇಳಿ," ಎಂದ ಅವನು. ಅವನ ಮುಖ ಅರಳಿತ್ತು.

ಅವಳು ಬಾಗಿ ಕಿವಿಯಿಟ್ಟಳು. ಎಲ್ಲೋ ದೂರದಲ್ಲಿ ಯಾರೋ ಪುಟ ಮಗುಚಿದಂತೆ ಒಂದು ಸಣ್ಣ ಉಸಿರು, ಅಷ್ಟೆ.

"ಇದು ಹೇಗೆ..."

ಅವನು ಒಂದು ಪುಟ್ಟ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ. ಒಳಗೆ ಒಂದು ಹಿಡಿ ಉಣ್ಣೆ. ನೀಲಿ, ಕಂದು, ಒಂದಿಷ್ಟು ಹಳದಿ, ಎಲ್ಲ ಸೇರಿ ಮುದ್ದೆಗಟ್ಟಿತ್ತು. "ಫ್ಯಾನಿನಲ್ಲಿ ಸಿಕ್ಕಿದ್ದು. ನೀವು ಕಪಾಟಿನಲ್ಲಿ ಕೂತು ಓದ್ತೀರಲ್ಲ, ಅದು ಇಷ್ಟು ವರ್ಷ ನಿಮ್ಮ ಸ್ವೆಟರೆಲ್ಲ ಒಳಗೆ ಎಳ್ಕೊಂಡಿದೆ. ಗಾಳಿ ಆಡೋಕೆ ಜಾಗಾನೇ ಇರಲಿಲ್ಲ, ಅದಕ್ಕೇ ಅರಚ್ತಿತ್ತು. ಈಗ ಎಲ್ಲ ತೆಗ್ದು, ನೀವು ನಿನ್ನೆ ಹೇಳಿದ ಹಾಗೆ ಲಿನಕ್ಸ್ ಹಾಕಿದೀನಿ. ನಿಮ್ಮ ಎಡಿಟಿಂಗ್ ಸಾಫ್ಟ್‌ವೇರು ಓಡ್ತಿದೆ, ಮೈಕೂ ಹಿಡೀತಿದೆ. ಇನ್ನೂ ನಾಲ್ಕೈದು ವರ್ಷ ಧಾರಾಳವಾಗಿ ಬರತ್ತೆ. ನೀವು ಹೊಸದು ಏನೂ ತಗೊಳ್ಳೋ ಹಾಗಿಲ್ಲ ಮೇಡಂ!"

ಮೂರು ವಾರ ಅವಳು ಎಷ್ಟೊಂದು ಆಸೆಯಿಂದ ಹೆಣೆದಿದ್ದ ಗೊಂದಲವನ್ನು ಈ ಪುಣ್ಯಾತ್ಮ ಒಂದು ಸ್ಕ್ರೂಡ್ರೈವರಿನಲ್ಲಿ ಬಿಚ್ಚಿ ಡಬ್ಬಿಗೆ ತುಂಬಿಟ್ಟಿದ್ದ. ಇನ್ನು ಬೋರ್ಡಿಲ್ಲ, ಸಾಲಿಲ್ಲ, ಮಂಗಳವಾರವಿಲ್ಲ, ಗುರುವಾರವಿಲ್ಲ. ನಾಳೆ ಯಾವ ಮುಖ ಹೊತ್ತು ಈ ಮೆಟ್ಟಿಲು ಹತ್ತುವುದು?

"ನಾನು ಕೊಳ್ಳೋಕೆ ಬಂದಿದ್ದೆ," ಎಂದಳು. ಬೇಡವೆಂದರೂ ದನಿ ಗಡುಸಾಯಿತು. "ರಿಪೇರಿಗೆ ಅಲ್ಲ."

"ಸುಮ್ನೆ ಯಾಕೆ ಖರ್ಚು ಅಂತ..."

"ಹಾಗಾದ್ರೆ ನಾನು ಇನ್ಮೇಲೆ ಇಲ್ಲಿಗೆ ಬರೋ ಅಗತ್ಯ ಇಲ್ಲ."

ಅವನು ಡಬ್ಬಿಯ ಮುಚ್ಚಳ ಹಾಕಿದ. "ಇಲ್ಲ ಮೇಡಂ," ಎಂದ. "ಅಗತ್ಯ ಇಲ್ಲ."

ಅವಳು ಲ್ಯಾಪ್‌ಟಾಪನ್ನು ಬ್ಯಾಗಿಗೆ ತುರುಕಿಕೊಂಡು ಮೆಟ್ಟಿಲಿಳಿದಳು. ಕೋಪ ಬಂದಿತ್ತು. ಯಾರ ಮೇಲೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಕೌಂಟರಿನಲ್ಲಿ ಅಂಗಡಿಯ ಒಡತಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಅವಳ ಬ್ಯಾಗಿನ ಕಡೆ ನೋಡಿದರು. "ಕೊನೆಗೂ ಏನೂ ತಗೊಳ್ಳಲಿಲ್ಲ ಅಲ್ವಾ? ನಂಗೆ ಗೊತ್ತಿತ್ತು ಬಿಡಿ. ಅವನಿಗೆ ಮಾರೋಕೆ ಬರಲ್ಲಮ್ಮ. ರಿಪೇರಿ ಮಾತ್ರ ಕೈಗೆ ಹತ್ತಿದ ವಿದ್ಯೆ. ಅದಕ್ಕೇ ಸೋಮವಾರದಿಂದ ಬೇರೆ ಊರಿನ ನಮ್ಮ ಸರ್ವಿಸ್ ಸೆಂಟರಿಗೆ ಹೋಗ್ತಿದಾನೆ. ಟ್ರೈನಲ್ಲಿ ನಾಲ್ಕು ಗಂಟೆ. ಒಂದು ವರ್ಷದಿಂದ ಅವನೇ ಕೇಳ್ಕೊಂಡಿದ್ದ ಕೆಲಸ."

ಅವಳ ಕಾಲು ಅಲ್ಲೇ ನಿಂತಿತು. "ಸೋಮವಾರದಿಂದ?"

"ಈ ತಿಂಗಳ ಒಂದನೇ ತಾರೀಕೇ ಹೋಗ್ಬೇಕಾಗಿತ್ತು. ಎರಡು ಸಲ ಮುಂದೂಡಿದ. ಯಾಕೋ ಅಂದ್ರೆ, ಒಬ್ಬರು ಗಿರಾಕಿ ಇನ್ನೂ ತೀರ್ಮಾನ ಮಾಡಿಲ್ಲ ಅಂತಾನೆ! ಒಬ್ಬ ಗಿರಾಕಿಗೋಸ್ಕರ ಯಾರಾದ್ರೂ ಅಂಥ ಕೆಲಸ ಮುಂದೂಡ್ತಾರಾ, ನೀವೇ ಹೇಳಿ."

ಅವಳು ಬ್ಯಾಗನ್ನು ಕೌಂಟರಿನ ಮೇಲೆ ಇಟ್ಟಳು. ಇಷ್ಟು ದಿನ ತನ್ನ ಖುಷಿಗೆ ತಾನು ಮುಂದೂಡುತ್ತ ಬಂದದ್ದಕ್ಕಾಗಿ ಇನ್ನೊಬ್ಬ ತನ್ನ ಬದುಕಿನ ಕೆಲಸವನ್ನೇ ಪಕ್ಕಕ್ಕಿಟ್ಟು ಕಾದಿದ್ದನೆಂಬುದು ಅವಳಿಗೆ ನಾಟಿತು. ಈಗ ಮನೆಗೆ ಹೋದರೆ ಆಯಿತು, ಸೋಮವಾರ ಅವನು ಟ್ರೈನು ಹತ್ತುತ್ತಾನೆ, ಇಬ್ಬರೂ ಮರ್ಯಾದಸ್ಥರಾಗಿ ಒಬ್ಬರನ್ನೊಬ್ಬರು ಕಳೆದುಕೊಳ್ಳುತ್ತಾರೆ. ಹೇಳಲು ಇದೊಂದೇ ಬೆಳಿಗ್ಗೆ ಉಳಿದಿತ್ತು. ಅದೂ ಕೈಯಲ್ಲಿ ಯಾವ ನೆಪವೂ ಇಲ್ಲದೆ.

ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು.

*

ಅವನು ಬೋರ್ಡು ಒರೆಸುತ್ತಿದ್ದ. ವಿಂಡೋಸಿನ ಕಾಲಮ್ ಆಗಲೇ ಹೋಗಿತ್ತು, ಮ್ಯಾಕಿನದು ಅರ್ಧ ಉಳಿದಿತ್ತು.

"ಇನ್ನೊಂದು ಸಂದೇಹ ಇದೆ," ಎಂದಳು ಏದುಸಿರು ಬಿಡುತ್ತ.

ಅವನ ಕೈ ಒಡನೆ ಪೆನ್ನಿಗೆ ಹೋಯಿತು. "ಹೇಳಿ ಮೇಡಂ."

"ಬರ್ಕೋಬೇಡಿ. ಸುಮ್ನೆ ಕೇಳಿ." ಬಾಗಿಲನ್ನು ಎಳೆದುಕೊಂಡಳು. "ನಂಗೆ ಯಾವತ್ತೂ ಗೊಂದಲ ಇರಲಿಲ್ಲ. ಯಾವ ಲ್ಯಾಪ್‌ಟಾಪು ಬೇಕು ಅಂತ ಮೊದಲ ದಿನಾನೇ ಗೊತ್ತಾಗಿತ್ತು. ಆಮೇಲೆ ಹೇಳಿದ ಸಂದೇಹ ಎಲ್ಲ ಸುಳ್ಳು. ಒಂದೊಂದನ್ನೂ ಬಸ್ಸಲ್ಲಿ ಬರ್ತಾ ಯೋಚ್ನೆ ಮಾಡ್ಕೊಂಡು ಬರ್ತಿದ್ದೆ."

ಅವನು ಅರ್ಧ ಒರೆಸಿದ ಬೋರ್ಡಿನ ಕಡೆ ನೋಡಿದ. "ಬ್ಯಾಟರಿ ಸಂದೇಹ ಕೂಡಾನಾ?"

"ಅದೂ."

"ನಾನು ಅದಕ್ಕೆ ಎರಡು ದಿನ ಮೂರು ಲ್ಯಾಪ್‌ಟಾಪಿನ ಚಾರ್ಜ್ ಇಳಿಸಿ ಇಳಿಸಿ ನೋಡಿದ್ದೆ."

"ಗೊತ್ತು. ನಿಮಿಷ ನಿಮಿಷದ ಲೆಕ್ಕ ಬರ್ದು ತಂದು ಕೊಟ್ರಲ್ಲ, ಅವತ್ತೇ ನಾನು ಪೂರ್ತಿ ಬಿದ್ದುಹೋಗಿದ್ದು." ಅವಳ ದನಿ ಒಂದಿಷ್ಟೂ ಅಲುಗಲಿಲ್ಲ. ಕೈ ಮಾತ್ರ ಬಾಗಿಲ ಹಿಡಿಯನ್ನು ಬಿಡಲಿಲ್ಲ. "ನಂಗೆ ಲ್ಯಾಪ್‌ಟಾಪ್ ಬೇಡ. ನೀವು ಬೇಕು. ನಿಮ್ಮನ್ನ ಪ್ರೀತಿಸ್ತಿದೀನಿ. ಸೋಮವಾರ ನೀವು ಹೋಗೋ ವಿಷಯ ಈಗಷ್ಟೇ ಗೊತ್ತಾಯ್ತು. ಹೋಗ್ಬೇಡಿ ಅಂತ ಹೇಳೋಕೆ ಬಂದಿಲ್ಲ, ಅದು ನಿಮ್ಮ ಕೆಲಸ, ಹೋಗ್ಲೇಬೇಕು. ಆದ್ರೆ ಇದನ್ನ ತಿಳ್ಕೊಂಡು ಹೋಗಿ."

ಇಷ್ಟು ಹೇಳಿ ಅವಳು ನಿಂತಳು. ಅವನು ಪೆನ್ನನ್ನು ಮೇಜಿನ ಮೇಲಿಟ್ಟ. ಅದು ಉರುಳಿ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ.

"ಈ ಮೇಜು ಅರ್ಧ ಗಂಟೆಗೆ," ಎಂದ. "ಒಬ್ಬರಿಗೆ ಒಂದೇ ದಿನ. ಎಲ್ಲರಿಗೂ ಅದೇ ನಿಯಮ, ನಾನೇ ಮಾಡಿದ್ದು. ನಿಮಗೆ ಮಾತ್ರ ಒಂಬತ್ತು ದಿನ ಕೊಟ್ಟೆ. ನಿಮಗೆ ಆ ಬೂದು ಬಣ್ಣದ್ದೇ ಸರಿ ಅಂತ ಮ್ಯಾಕ್ ಟ್ರಯಲ್ ದಿನಾನೇ ನಂಗೂ ಗೊತ್ತಾಗಿತ್ತು. ಹೇಳಿದ್ರೆ ತಗೊಂಡು ಹೊರಟುಹೋಗ್ತೀರಿ. ಅದಕ್ಕೇ ಲಿನಕ್ಸೂ ನೋಡಿ ಅಂದೆ."

"ಅಯ್ಯೋ!"

"ದಿನಾ ರಾತ್ರಿ ಮನಸ್ಸು ಚುಚ್ಚೋದು. ಗಿರಾಕಿಗೆ ಮೋಸ ಮಾಡ್ತಿದೀನಿ ಅಂತ. ಊರು ಬಿಡೋ ಮುಂಚೆ ನಿಮಗೆ ಒಂದಾದ್ರೂ ಪ್ರಾಮಾಣಿಕ ಕೆಲಸ ಮಾಡಿ ಹೋಗೋಣ ಅಂತ ಹಳೇದನ್ನ ಬಿಚ್ಚಿದೆ."

"ಅಂದ್ರೆ ಪ್ರಾಮಾಣಿಕವಾಗಿ ನನ್ನನ್ನ ಸಾಗಹಾಕಿದ್ರಿ."

"ಹೌದು," ಎಂದ ಅವನು. "ಫ್ಯಾನ್ ತಿರುಗಿಸಿ ನೋಡಿದಾಗ ಸದ್ದೇ ಬರಲಿಲ್ಲ. ಇಷ್ಟು ಚೆನ್ನಾಗಿ ಯಾಕಾದ್ರೂ ರಿಪೇರಿ ಮಾಡಿದೆನೋ ಅಂತ ಇಲ್ಲೇ ಕೂತು ಅತ್ತುಬಿಡೋ ಹಾಗಾಯ್ತು."

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಅವನು ಮೇಜನ್ನು ಸುತ್ತಿ ಬಂದ. ಸ್ಪಂಜು ಅಂಟಿಸಿದ ಆ ಪುಟ್ಟ ಕೋಣೆಯಲ್ಲಿ ರಸ್ತೆಯ ಗದ್ದಲ ಕೇಳಿಸುತ್ತಿರಲಿಲ್ಲ. ಅವನು ಎರಡು ಹೆಜ್ಜೆಯ ದೂರವನ್ನೂ ಮುಗಿಸಿ ಅವಳ ಕೈಯನ್ನು ಬಾಗಿಲ ಹಿಡಿಯಿಂದ ಬಿಡಿಸಿ ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡ. ಸ್ಕ್ರೂಡ್ರೈವರ್ ಹಿಡಿದು ಹಿಡಿದು ಗಟ್ಟಿಯಾದ ಬೆರಳುಗಳು ಈ ಸಲ ಹಿಂದೆ ಸರಿಯಲಿಲ್ಲ.

"ಯೋಚ್ನೆ ಮಾಡಿ ಹೇಳಿ," ಎಂದಳು ಅವಳು, ರೇಗಿಸುತ್ತ. "ಬೇಕಿದ್ರೆ ಎರಡು ಕಾಲಮ್ ಹಾಕಿ. ನಂಗೆ ಸಿಟ್ಟು ಬೇಗ ಬರತ್ತೆ. ಬೆಳಿಗ್ಗೆ ಎದ್ದು ಗಂಟಲು ಸರಿಮಾಡ್ಕೊಳೋಕೆ ಅರ್ಧ ಗಂಟೆ ಕೂಗಾಡ್ತೀನಿ. ನಮ್ಮ ಅಕ್ಕ ನಿಮ್ಮ ಹಲ್ಲು ನೋಡ್ದೇ ಬಿಡಲ್ಲ."

"ನಾನೂ ನಿಮ್ಮನ್ನ ಪ್ರೀತಿಸ್ತೀನಿ," ಎಂದ ಅವನು. "ಯೋಚ್ನೆ ಮಾಡೋದು ಏನೂ ಉಳಿದಿಲ್ಲ."

ಅವಳು ಅವನ ಅಂಗಿಗೆ ಹಣೆ ಆನಿಸಿದಳು. ಇಷ್ಟು ಎತ್ತರದ ಮನುಷ್ಯನ ಎದೆ ಸರಿಯಾಗಿ ತನ್ನ ಹಣೆಯ ಮಟ್ಟಕ್ಕೇ ಇರುವುದು ಅವಳಿಗೆ ಬಹಳ ನ್ಯಾಯವೆನಿಸಿತು. ಹಾಗೇ ನಿಂತು ಇಬ್ಬರೂ ಮುಂದಿನದನ್ನು ಮಾತಾಡಿಕೊಂಡರು. ಅವನು ಸೋಮವಾರದ ಟ್ರೈನಿಗೆ ಹೋಗುವುದು. ಶನಿವಾರ ಸಂಜೆ ಬರುವುದು.

"ಶನಿವಾರದವರೆಗೆ ಯಾರು ಕಾಯ್ತಾರೆ?" ಎಂದಳು ಅವಳು. "ಬುಧವಾರ ನಾನೇ ಬರ್ತೀನಿ. ನನ್ನ ಕೆಲಸಕ್ಕೆ ಒಂದು ಮೂಲೆ ಸಿಕ್ರೆ ಸಾಕು."

"ಅಷ್ಟು ದೂರ ಬರೋಕೆ ಮನೇಲಿ ಏನಂತ ನೆಪ ಹೇಳ್ತೀರಿ?"

"ನೆಪ ಯಾಕೆ? ನಿಮ್ಮನ್ನ ನೋಡೋಕೆ ಹೋಗ್ತೀನಿ ಅಂತಾನೇ ಹೇಳ್ತೀನಿ."

ಅವನು ಏನೋ ಹೇಳಲು ಬಾಯಿ ತೆಗೆದ. ಅಷ್ಟರಲ್ಲಿ ಕೆಳಗಿನಿಂದ ಒಡತಿಯ ದನಿ ಮೆಟ್ಟಿಲು ಹತ್ತಿ ಬಂತು. "ಯಾರೋ ಗಿರಾಕಿ ಬಂದಿದಾರೆ! ಮೇಲೆ ಕಳಿಸ್ಲಾ?"

ಬಂದವರನ್ನು ಒಂದು ಕ್ಷಣವೂ ಕಾಯಿಸಿ ಗೊತ್ತಿಲ್ಲದ ಆ ಮನುಷ್ಯ, ಅವಳ ಕೈ ಬಿಡದೆಯೇ ಬಾಗಿಲ ಕಡೆ ಕತ್ತು ಹೊರಳಿಸಿ ಕೂಗಿ ಹೇಳಿದ:

"ಕೂರಿಸಿ ಮೇಡಂ. ನಾನೀಗ ಬರೋಕಾಗಲ್ಲ."